ಕೈ ಹಿಡಿಯದ ಕೈಪಿಡಿ



ಕಳೆದ ತಿಂಗಳು ನಮ್ಮ ಕೂಟದಲ್ಲಿ "ಇತ್ತೀಚೆಗೆ ನೀವು ಓದಿದ ಪುಸ್ತಕ" ಎಂಬ ಸುತ್ತು ನಡೆಯಿತಲ್ಲ, ಅಂದು ಒಬ್ಬರು ಭೈರಪ್ಪನವರ ಕಾದಂಬರಿ ಎಂದರು, ಇನ್ನೊಬ್ಬರು ವೈದೇಹಿಯವರ ಕಥೆಗಳು ಎಂದರು. ನನ್ನ ಸರದಿ ಬಂದಾಗ "ಒಂದು ಸಾಫ್ಟ್‌ವೇರಿನ ಮ್ಯಾನ್ಯುಯಲ್ಲು, ನಾನೂರಕ್ಕೂ ಹೆಚ್ಚು ಪುಟ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕಾಫಿ ಕುಡಿಯುವಾಗ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಕೇಳಿದರು: "ಅಲ್ಲಾ ರೀ, ಅದನ್ನೂ ಪುಸ್ತಕ ಅಂತಾರೇನ್ರೀ? ಅದನ್ನ ಯಾರು ಓದ್ತಾರೆ?"

ಅಲ್ಲಿ ಉತ್ತರ ಹೊಳೆಯಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಹೊಳೆಯಿತು. ಕಣ್ಣಿರುವವರು ಯಾರೂ ಮ್ಯಾನ್ಯುಯಲ್ ಓದುವುದಿಲ್ಲ. ಅವರಿಗೆ ಅದರ ಅಗತ್ಯವಿಲ್ಲ. ತೆರೆದು, ನೋಡಿ, ಅಲ್ಲಿ ಇಲ್ಲಿ ಒತ್ತಿ ಕಲಿತುಬಿಡುತ್ತಾರೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದು ವಾಕ್ಯವನ್ನೂ ಬಿಡದೆ ಓದುವವರು ನಮ್ಮಂಥ ಕಣ್ಣು ಕಾಣದವರು. ಆದರೆ ಅದನ್ನು ಬರೆದಿರುವುದು ಕಣ್ಣಿರುವವರಿಗಾಗಿ! ಓದದವರಿಗಾಗಿ ಬರೆದು, ಓದುವವರನ್ನು ಮರೆತ ಸಾಹಿತ್ಯ ಪ್ರಕಾರ ಇದೊಂದೇ ಇರಬೇಕು. ಹಾಗಾಗಿ ಇದರ ವಿಮರ್ಶೆಯನ್ನು ನಾನೇ ಬರೆಯಬೇಕಾಯಿತು.

ಈ ಪತ್ರಿಕೆಯನ್ನು ಹೊಸದಾಗಿ ಪಡೆಯುತ್ತಿರುವವರಿಗೆ ನನ್ನ ಬಗ್ಗೆ ಎರಡು ಮಾತು. ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್. ಚಿಕ್ಕಂದಿನಿಂದ ಇರುಳುಗುರುಡು; ಅದರ ದೊಡ್ಡ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ತಿಳಿದದ್ದು ಇಲ್ಲಿ ಆಸ್ಟ್ರೇಲಿಯಾದಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಮಾಸ್ಟರ್ಸ್ ಮಾಡುವಾಗ. ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬಂದು, ಮೂವತ್ತೆಂಟಕ್ಕೆ ಪರದೆಯ ಮೇಲಿನ ಅಕ್ಷರ ಓದುವುದು ನಿಂತಿತು. ಈಗ ನಲವತ್ತಾರು. ಕೆಲಸ ಬಿಟ್ಟಿಲ್ಲ. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ. ನಾನು ಕೀಬೋರ್ಡಿನಿಂದ ಉತ್ತರ ಕೊಡುತ್ತೇನೆ.

ಮ್ಯಾನ್ಯುಯಲ್ ಓದುವ ಪ್ರಸಂಗ ಬಂದದ್ದು ಅಮ್ಮನಿಂದ. ಹೋದ ಬಾರಿ ತಿಪಟೂರಿಗೆ ಹೋದಾಗ ಅಮ್ಮನ ಹದಿನಾಲ್ಕು ಸಂಪ್ರದಾಯದ ಹಾಡುಗಳನ್ನು ಫೋನಿನಲ್ಲಿ ಹಿಡಿದು ತಂದೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಹಂಗಿಸುವ ಹಾಡು. ಅಮ್ಮನಿಗೆ ಎಪ್ಪತ್ತೆಂಟು. ಬೇಸಿಗೆ ಬೇರೆ. ಫ್ಯಾನ್ ಆರಿಸೋಣ ಎಂದರೆ "ಫ್ಯಾನ್ ಆರಿಸಿದ್ರೆ ನಾನು ಹಾಡಲ್ಲ ಕಣೋ, ಬೇಯಿಸ್ತೀಯೇನೋ ನನ್ನ" ಅಂದರು. ಹೀಗಾಗಿ ಹದಿನಾಲ್ಕು ಹಾಡಿನ ಕೆಳಗೂ ಫ್ಯಾನಿನ ಗೊರಗೊರ ಶ್ರುತಿ ಹಿಡಿದಿದೆ. ಅದನ್ನು ತೆಗೆದು, ಹಾಡುಗಳನ್ನು ಹದಮಾಡಿ, ಅಣ್ಣ ತಂಗಿಯರಿಗೆಲ್ಲ ಹಂಚಬೇಕು. ತಂಗಿಯ ಮಗನ ಕೈಗೆ ಕೊಟ್ಟಿದ್ದರೆ ಒಂದು ಸಂಜೆಯ ಕೆಲಸ. ಕೊಡಲಿಲ್ಲ. ಹಠ ಎನ್ನಿ. ಪರದೆ ಕಾಣದಿರಬಹುದು, ಫ್ಯಾನು ಕೇಳಿಸುತ್ತದಲ್ಲ! ಕಿವಿಯ ಕೆಲಸಕ್ಕೂ ಕಣ್ಣನ್ನು ಕಡ ಕೇಳಬೇಕೆ ಎಂಬುದು ನನ್ನ ವಾದ.

ಕೇಳಲೇಬೇಕು ಎನ್ನುತ್ತದೆ ಸಂಗೀತದ ಸಾಫ್ಟ್‌ವೇರ್. ಧ್ವನಿಯನ್ನು ಅದು ಅಲೆಅಲೆಯಾದ ಚಿತ್ರವಾಗಿ ತೋರಿಸುತ್ತದೆ. ಧ್ವನಿ ಜೋರಾದರೆ ಪಟ್ಟಿಯೊಂದು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಹಳೆಯ ಯಂತ್ರಗಳ ತಿರುಗುಣಿಗಳನ್ನು, ಅವುಗಳ ಮೇಲಿನ ಗೀರು, ತುಕ್ಕುಗಳ ಸಮೇತ ಚಿತ್ರ ಬರೆದು ಇಟ್ಟಿರುತ್ತಾರೆ. ಹಳೆಯ ಯಂತ್ರದ ನಿಜವಾದ ತಿರುಗುಣಿಯನ್ನಾದರೆ ಕುರುಡನೂ ತಿರುಗಿಸಬಹುದಿತ್ತು. ಅದರ ಚಿತ್ರವನ್ನು ಮೌಸ್ ಇಲ್ಲದೆ ಯಾರೂ ತಿರುಗಿಸಲಾರರು.

ಒಳಗಿನವನಾಗಿ ಇದರ ಕಾರಣವನ್ನೂ ಹೇಳಬೇಕು. ಸಾಮಾನ್ಯ ಕಿಟಕಿಯೊಂದರಲ್ಲಿ ಗುಂಡಿ ಇದ್ದರೆ ಅದು ಗುಂಡಿ, ಅದರ ಹೆಸರು ಇಂಥದ್ದು, ಒತ್ತಿದೆಯೋ ಇಲ್ಲವೋ ಎಂಬುದನ್ನೆಲ್ಲ ಆಪರೇಟಿಂಗ್ ಸಿಸ್ಟಂ ಸ್ಕ್ರೀನ್ ರೀಡರಿಗೆ ತಿಳಿಸುತ್ತದೆ. ಸಂಗೀತದ ಪ್ಲಗ್-ಇನ್ ಬರೆಯುವವರಲ್ಲಿ ಬಹುಪಾಲು ಈ ಸಿದ್ಧ ಗುಂಡಿಗಳನ್ನು ಬಿಟ್ಟು, ಇಡೀ ಕಿಟಕಿಯನ್ನು ಬಣ್ಣದ ಚುಕ್ಕಿಗಳಿಂದ ತಾವೇ ಚಿತ್ರಿಸಿಕೊಳ್ಳುತ್ತಾರೆ. ಆಗ ಸ್ಕ್ರೀನ್ ರೀಡರಿಗೆ ಸಿಗುವುದು ಒಂದು ಖಾಲಿ ಗೋಡೆ. ಅಂಥ ಒಂದು ಪ್ಲಗ್-ಇನ್ ತೆರೆದರೆ ನನಗೆ ಕೇಳಿಸುವುದು ಅದರ ಹೆಸರು, ಅನಂತರ ಮೌನ. ಈ ಗೋಡೆಗೊಂದು ಬಾಗಿಲು ಬೇಕಿತ್ತು. ಆ ಬಾಗಿಲು ಮ್ಯಾನ್ಯುಯಲ್ ಆಗಬಹುದಿತ್ತು.

ಫ್ಯಾನಿನ ಸದ್ದು ತೆಗೆಯಲು ನಾನು ಮೊದಲು ಕೊಂಡದ್ದು ಹೆಸರುವಾಸಿಯಾದ ಒಂದು ಪ್ಲಗ್-ಇನ್ (ಯಾವುದೆಂದು ಬೇಡ). ಅದರ ಮ್ಯಾನ್ಯುಯಲ್ ಪಿಡಿಎಫ್ ರೂಪದಲ್ಲಿ ಬಂತು. ಓದಲು ಕೂತೆ. "ಪಕ್ಕದ ಚಿತ್ರದಲ್ಲಿ ತೋರಿಸಿದಂತೆ" ಎಂಬ ಮಾತು. ಪಕ್ಕಕ್ಕೆ ಹೋದರೆ ಸ್ಕ್ರೀನ್ ರೀಡರ್ "ಗ್ರಾಫಿಕ್" ಎಂದಿತು. "ಮೇಲೆ ಬಲಗಡೆ ಇರುವ ನೀಲಿ ಗುಂಡಿ." "ಇಲ್ಲಿ ಎಳೆಯಿರಿ." "ಗೆರೆ ಈ ಆಕಾರಕ್ಕೆ ಬರುವವರೆಗೆ ಹೊಂದಿಸಿ." ಯಾವ ಆಕಾರ? ಗ್ರಾಫಿಕ್. ಮೂವತ್ತು ಪುಟಗಳ ಆ ಬರವಣಿಗೆಯಲ್ಲಿ ನನ್ನ ಪಾಲಿಗೆ ಬಂದದ್ದು ಕ್ರಿಯಾಪದಗಳ ಒಂದು ರಾಶಿ: ಒತ್ತಿ, ಎಳೆಯಿರಿ, ತಿರುಗಿಸಿ, ನೋಡಿ. ಕರ್ಮಪದಗಳೆಲ್ಲ ಚಿತ್ರದೊಳಗೆ ಅಡಗಿದ್ದವು.

ಇದು ಬೆರಳು ಮಾಡಿ ತೋರಿಸುವ ಭಾಷೆ. ಎದುರಿಗೆ ಕೂತವನಿಗೆ ಬೆರಳು ಸಾಕು, ಮಾತು ಬೇಡ. ಬರವಣಿಗೆ ಹುಟ್ಟಿದ್ದೇ ಎದುರಿಗೆ ಇಲ್ಲದವನಿಗಾಗಿ. ಬೆರಳನ್ನೇ ನೆಚ್ಚಿದ ಬರವಣಿಗೆ ತನ್ನ ಕೆಲಸವನ್ನೇ ಮಾಡಿಲ್ಲವೆಂದಾಯಿತು. ಇದು ಕುರುಡರ ದೂರು ಮಾತ್ರವಲ್ಲ, ಬರವಣಿಗೆಯ ಗುಣದ ಪ್ರಶ್ನೆ. ಆ ಮೂವತ್ತು ಪುಟಗಳಲ್ಲಿ ಎಲ್ಲಿಯೂ ಫ್ಯಾನಿನ ಸದ್ದು ಹೋದರೆ ಹೇಗೆ ಕೇಳಿಸುತ್ತದೆ, ಹೆಚ್ಚು ತೆಗೆದರೆ ಹಾಡಿಗೇನಾಗುತ್ತದೆ ಎಂಬ ಒಂದು ವಾಕ್ಯ ಇಲ್ಲ. ಧ್ವನಿಯ ಬಗ್ಗೆ ಬರೆದ ಪುಸ್ತಕದಲ್ಲಿ ಧ್ವನಿಯ ವರ್ಣನೆಯೇ ಇಲ್ಲ! ಚಿತ್ರ ಇದೆಯಲ್ಲ ಎಂಬ ಭರವಸೆಯಲ್ಲಿ ಲೇಖಕ ಕೇಳುವುದನ್ನೇ ಬಿಟ್ಟಿದ್ದಾನೆ. ಕಣ್ಣಿರುವ ಓದುಗನಿಗೂ ಅಲ್ಲಿ ಅನ್ಯಾಯವಾಗಿದೆ. ಅವನಿಗೆ ಅದು ಗೊತ್ತಾಗಿಲ್ಲ ಅಷ್ಟೆ.

ಆನಂದವರ್ಧನ ಕಾವ್ಯದ ಆತ್ಮ ಧ್ವನಿ ಎಂದ. ಹೇಳದೆ ಹೊಳೆಯಿಸುವುದು ಕಾವ್ಯಕ್ಕೆ ಭೂಷಣ. ಮ್ಯಾನ್ಯುಯಲ್ಲಿನಲ್ಲಿ ಆ ಧ್ವನಿ ಬೇಡ ಸ್ವಾಮಿ, ಬರಿಯ ವಾಚ್ಯಾರ್ಥ ಸಾಕು. ನಮ್ಮ ನವ್ಯರ ಕಾಲದಲ್ಲಿ ಅರ್ಥವಾಗದ ಕವಿತೆಗೆ ಒಂದು ಮರ್ಯಾದೆ ಇತ್ತು. ಅರ್ಥವಾಗದ ಮ್ಯಾನ್ಯುಯಲ್ಲಿಗೆ ಆ ಮರ್ಯಾದೆ ಕೊಡಲಾರೆ.

ಇನ್ನು ನಾನು ಮೆಚ್ಚಿದ ಬರವಣಿಗೆಗೆ ಬರುತ್ತೇನೆ.

ಕೂಟದಲ್ಲಿ ನಾನು ಹೇಳಿದ ಆ ದಪ್ಪ ಮ್ಯಾನ್ಯುಯಲ್ ರೀಪರ್ ಎಂಬ ಧ್ವನಿಮುದ್ರಣ ಸಾಫ್ಟ್‌ವೇರಿನದು. ವಿನ್‌ಆಂಪ್ ನೆನಪಿದೆಯೆ? ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ 2005ರಲ್ಲಿ ಹೊರತಂದದ್ದು ಈ ರೀಪರ್. ಅದರ ಮ್ಯಾನ್ಯುಯಲ್ಲನ್ನು ಜೆಫ್ರಿ ಫ್ರಾನ್ಸಿಸ್ ಬರೆದಿದ್ದಾರೆ. ಪಾಠ ಹೇಳುವ ಮೇಷ್ಟರ ಸಮಾಧಾನ ಅದರಲ್ಲಿದೆ. ಚಿತ್ರಗಳು, ಮೌಸಿನ ಮಾತು ಅಲ್ಲಿಯೂ ಧಾರಾಳವಾಗಿವೆ. ಆದರೆ ರೀಪರಿನ ರಚನೆಯಲ್ಲೇ ಒಂದು ಸದ್ಗುಣವುಂಟು: ಅದು ಮಾಡಬಲ್ಲ ಪ್ರತಿ ಕೆಲಸಕ್ಕೂ ಒಂದು ಹೆಸರಿದೆ. ಆ ಹೆಸರುಗಳ ಪಟ್ಟಿಯನ್ನು ತೆರೆದು, ಹುಡುಕಿ, ಬೇಕಾದ ಕೀಲಿಯನ್ನು ಜೋಡಿಸಿಕೊಳ್ಳಬಹುದು. ಹೀಗಾಗಿ ಮ್ಯಾನ್ಯುಯಲ್ "ಬಲಕ್ಕೆ ಎಳೆಯಿರಿ" ಎಂದರೂ ಆ ಎಳೆತದ ಹೆಸರು ಗೊತ್ತಾದರೆ ನಾನು ಎಳೆಯದೆ ಕೆಲಸ ಮುಗಿಸಬಹುದು. ಹೆಸರಿದ್ದದ್ದನ್ನು ಕರೆಯಬಹುದು. ಚಿತ್ರವನ್ನು ಕರೆಯಲಾಗುವುದಿಲ್ಲ.

ಅದರ ಜೊತೆಗೆ ಓದಬೇಕಾದದ್ದು ಒಸಾರಾ ಎಂಬ ಪುಟ್ಟ ತಂತ್ರಾಂಶದ ವಿವರಣೆ. ಒಸಾರಾ ರೀಪರಿಗೆ ಬಾಯಿ ಕೊಡುತ್ತದೆ. ಇದನ್ನು ಆರಂಭಿಸಿದವರು ಜೇಮ್ಸ್ ಟೆಹ್, ಸ್ವತಃ ಅಂಧರು, ನಮ್ಮ ಈ ಆಸ್ಟ್ರೇಲಿಯಾದವರೇ. ಇವರೂ ಇವರ ಗೆಳೆಯ ಮೈಕೆಲ್ ಕರನ್ ಅವರೂ ಹುಡುಗರಾಗಿದ್ದಾಗ ಭೇಟಿಯಾದದ್ದು ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ. ಮುಂದೆ 2006ರಲ್ಲಿ ಕರನ್ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು ಬರೆಯತೊಡಗಿದರು, ಟೆಹ್ ಜೊತೆಗೂಡಿದರು. ಹಣ ಕೊಟ್ಟು ಕೊಳ್ಳುವ ಸ್ಕ್ರೀನ್ ರೀಡರಿನ ಬೆಲೆ ಕಂಪ್ಯೂಟರಿನ ಬೆಲೆಯನ್ನೇ ಮೀರುತ್ತಿದ್ದ ದಿನಗಳಲ್ಲಿ ಇವರು ತಮ್ಮದನ್ನು ಮುಕ್ತವಾಗಿ ಹಂಚಿದರು. ನನ್ನ ಕಿವಿಯಲ್ಲಿ ದಿನವಿಡೀ ಮಾತಾಡುವುದು ಅದೇ.

ಒಸಾರಾದ ವಿವರಣೆಯಲ್ಲಿ ಅಲಂಕಾರವೇನೂ ಇಲ್ಲ. ಇಂಥ ಕೆಲಸ, ಇಂಥ ಕೀಲಿ, ಒತ್ತಿದರೆ ಇಂಥದ್ದನ್ನು ಹೇಳುತ್ತದೆ. ಇಷ್ಟೇ. ಎಫ್12 ಒತ್ತಿದರೆ ಕೀಬೋರ್ಡೇ ಮ್ಯಾನ್ಯುಯಲ್ ಆಗುತ್ತದೆ: ಆಮೇಲೆ ಯಾವ ಕೀಲಿ ಮುಟ್ಟಿದರೂ ಅದು ಕೆಲಸ ಮಾಡದೆ ತನ್ನ ಕೆಲಸವೇನೆಂದು ಹೇಳುತ್ತದೆ. ಚಿತ್ರದ ಗೋಡೆಯ ಹಿಂದಿರುವ ಪ್ಲಗ್-ಇನ್‌ಗಳನ್ನೂ ಅದು ಒಂದು ಉಪಾಯದಿಂದ ಮಾತಾಡಿಸುತ್ತದೆ. ಪ್ಲಗ್-ಇನ್ ತನ್ನ ಮುಖವನ್ನು ಹೇಗೇ ಬಳಿದುಕೊಂಡಿರಲಿ, ತನ್ನ ತಿರುಗುಣಿಗಳ ಹೆಸರು, ಬೆಲೆಗಳನ್ನು ಸಾಮಾನ್ಯವಾಗಿ ರೀಪರಿಗೆ ಒಪ್ಪಿಸಿರುತ್ತದೆ. ಒಸಾರಾ ಅವುಗಳನ್ನು ಒಂದು ಪಟ್ಟಿಯಾಗಿ ಮುಂದಿಡುತ್ತದೆ. ಅಂಕಿ ಟೈಪ್ ಮಾಡಿದರಾಯಿತು. ಹಸಿರು, ಹಳದಿ, ಕೆಂಪು ಪಟ್ಟಿಯ ಬದಲಿಗೆ ಧ್ವನಿ ನಾವು ಹೇಳಿದ ಮಟ್ಟವನ್ನು ದಾಟಿದಾಗ ಎಚ್ಚರಿಸುವ ಏರ್ಪಾಡೂ ಇದೆ.

ನನಗೆ ಇಲ್ಲಿ ನೆನಪಾಗುವವನು ಸಂಜಯ. ಸ್ಕ್ರೀನ್ ರೀಡರುಗಳ ಕುಲಕ್ಕೆ ಅವನೇ ಮೂಲಪುರುಷನಲ್ಲವೆ! ಆದರೆ ಧೃತರಾಷ್ಟ್ರ ಕೇಳಿದ ಮೊದಲ ಪ್ರಶ್ನೆಯನ್ನು ಗಮನಿಸಿ. ರಣರಂಗ ನೋಡಲು ಹೇಗಿದೆ, ಯಾರ ಬಾವುಟ ಯಾವ ಬಣ್ಣ ಎಂದು ಅವನು ಕೇಳುವುದಿಲ್ಲ. ನನ್ನವರೂ ಪಾಂಡವರೂ ಏನು ಮಾಡಿದರು ಎಂದು ಕೇಳುತ್ತಾನೆ. ಕಣ್ಣಿಲ್ಲದವನ ಪ್ರಶ್ನೆ "ಏನಾಯಿತು" ಎಂಬುದು. ಸಾಮಾನ್ಯ ಮ್ಯಾನ್ಯುಯಲ್ ಉತ್ತರ ಕೊಡುವುದು "ಎಲ್ಲಿದೆ" ಎಂಬ ಪ್ರಶ್ನೆಗೆ. ಒಸಾರಾ ಉತ್ತರ ಕೊಡುವುದು "ಏನಾಯಿತು" ಎಂಬುದಕ್ಕೆ. ನನ್ನ ವಿಮರ್ಶೆಯ ತಿರುಳು ಇಷ್ಟೆ.

ಅಮ್ಮನ ಫ್ಯಾನನ್ನು ತೆಗೆದದ್ದು ಹೇಗೆಂದು ಹೇಳಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾದೀತು. ರೀಪರಿನ ಜೊತೆ ರಿಯಾಫರ್ ಎಂಬ ಪ್ಲಗ್-ಇನ್ ಬರುತ್ತದೆ. ಅದರಲ್ಲಿ ಕಳೆಯುವ ವಿಧಾನವೊಂದುಂಟು. ಪ್ರತಿ ಹಾಡಿಗೆ ಮುನ್ನ ಅಮ್ಮ ಗಂಟಲು ಸರಿಮಾಡಿಕೊಂಡು ಎರಡು ಕ್ಷಣ ಸುಮ್ಮನಿರುತ್ತಾರೆ. ಆ ಎರಡು ಕ್ಷಣ ಬರಿಯ ಫ್ಯಾನು. ಆ ತುಣುಕನ್ನು ಮಾತ್ರ ನುಡಿಸಿ "ಇದೇ ಗದ್ದಲ, ಗುರುತಿಟ್ಟುಕೋ" ಎನ್ನಬೇಕು. ಗುರುತು ಹಿಡಿಯುವುದನ್ನು ನಿಲ್ಲಿಸಬೇಕು. ಆಮೇಲೆ ಇಡೀ ಹಾಡಿನಿಂದ ಆ ಗುರುತನ್ನು ಅದು ಕಳೆಯುತ್ತದೆ. ನಿಲ್ಲಿಸಲು ಮರೆತರೆ ಅಮ್ಮನ ದನಿಯನ್ನೂ ಗದ್ದಲವೆಂದುಕೊಂಡು ನುಂಗಿಬಿಡುತ್ತದೆ. (ನುಂಗಿತು. ಎರಡು ಸಲ.) ನೋಡುವವರಿಗೆ ಇದನ್ನು ಕಲಿಸುವಾಗ ಒಂದು ಗೆರೆಯನ್ನು ತೋರಿಸುತ್ತಾರೆ. ಅಂಧರು ಅಂಧರಿಗಾಗಿ ಮುದ್ರಿಸಿದ ಪಾಠಗಳಲ್ಲಿ ನಾನು ಕಂಡುಕೊಂಡ ಸೊಗಸೆಂದರೆ, ಅಲ್ಲಿ ಕಲಿಸುವವರು ತಪ್ಪಾದರೆ ಹೇಗೆ ಕೇಳಿಸುತ್ತದೆಂದು ಹೇಳುತ್ತಾರೆ, ಕೇಳಿಸಿಯೂ ತೋರಿಸುತ್ತಾರೆ. ಹೆಚ್ಚು ಕಳೆದರೆ ಹಾಡು ನೀರೊಳಗಿಂದ ಬಂದ ಹಾಗೆ ಗುಳುಗುಳು ಎನ್ನುತ್ತದೆ, ಸ ಶ ಅಕ್ಷರಗಳ ಅಂಚು ಸವೆಯುತ್ತದೆ. ಒಮ್ಮೆ ಕೇಳಿದವನಿಗೆ ಆ ಗೆರೆ ಬೇಕಾಗುವುದಿಲ್ಲ.

ಇಂಥ ಪಾಠ ನಮಗೆ ಹೊಸದೂ ಅಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಾದ ಪಂಚಾಕ್ಷರಿ ಗವಾಯಿಗಳು ಅಂಧರಾದ ಪುಟ್ಟರಾಜ ಗವಾಯಿಗಳಿಗೆ ಕಲಿಸಿದರು, ಅವರು ನೂರಾರು ಶಿಷ್ಯರಿಗೆ ಕಲಿಸಿದರು. ಗುರುವಿಗೂ ಶಿಷ್ಯನಿಗೂ ನಡುವೆ ಇದ್ದದ್ದು ಸ್ವರ ಮತ್ತು ಸ್ಪರ್ಶ. ಕೈಪಿಡಿ ಎಂಬ ನಮ್ಮ ಪದವನ್ನೇ ನೋಡಿ. ಪಿಡಿ ಎಂದರೆ ಹಿಡಿ. ಕೈಯಲ್ಲಿ ಹಿಡಿಯುವ ಪುಸ್ತಕ ಎಂದು ಎಲ್ಲರೂ ಅರ್ಥಮಾಡುತ್ತಾರೆ. ಓದುಗನ ಕೈ ಹಿಡಿಯುವ ಪುಸ್ತಕ ಎಂದು ಓದಿಕೊಳ್ಳುವುದು ನನಗಿಷ್ಟ.

ಮೆಚ್ಚಿದ ಬರವಣಿಗೆಯಲ್ಲೂ ಕೊರತೆಯಿದೆ. ಅಂಧನಿಗೆ ಸಂಗೀತವೂ ಪರದೆಯೂ ಒಂದೇ ಕಿವಿಯಲ್ಲಿ ಬರುತ್ತವೆ. ಅಮ್ಮ ಆರತಿ ಎತ್ತುತ್ತಿರುವಾಗಲೇ ಎನ್‌ವಿಡಿಎ "ಮೈನಸ್ ಆರು ಪಾಯಿಂಟ್ ಎರಡು" ಎನ್ನುತ್ತದೆ. ಮಾತಿಗೊಂದು, ಹಾಡಿಗೊಂದು ಬೇರೆ ಬೇರೆ ಸೌಂಡ್ ಕಾರ್ಡ್ ಇಟ್ಟುಕೊಳ್ಳುವುದು ಪರಿಹಾರ. ಧ್ವನಿಮುದ್ರಣದ ಡ್ರೈವರ್ ಇರುವ ಒಂದೇ ಕಾರ್ಡನ್ನು ತನ್ನದಾಗಿ ಮಾಡಿಕೊಂಡರೆ ಸ್ಕ್ರೀನ್ ರೀಡರಿನ ಬಾಯಿ ಕಟ್ಟಿಹೋಗುತ್ತದೆ. ಕಣ್ಣಿರುವವರಿಗೆ ಅದೊಂದು ಸೆಟ್ಟಿಂಗು. ನನಗೆ ಮನೆಯ ದೀಪವೆಲ್ಲ ಆರಿದ ಹಾಗೆ. ಇಂಥ ಸಂಗತಿಯನ್ನು ಮೊದಲ ಪುಟದಲ್ಲೇ ಹೇಳಬೇಕಿತ್ತು. ನಾನು ಬಿದ್ದು ಕಲಿತೆ. ಇನ್ನು ಆ ಮುದ್ರಿತ ಪಾಠಗಳು ಕೇಳಲು ಹಿತವಾದರೂ ಹುಡುಕಲು ಬಾರವು. ಒಂದು ಕೀಲಿಯ ಹೆಸರಿಗಾಗಿ ಒಂದು ಗಂಟೆ ಕೇಳಬೇಕಾಗುತ್ತದೆ. ಅಕ್ಷರದ ಮ್ಯಾನ್ಯುಯಲ್ಲಿಗೆ ಆ ಮಟ್ಟಿಗೆ ಬದಲಿಯಿಲ್ಲ.

ಕಾಲ ಬದಲಾಗುತ್ತಿಲ್ಲವೆ ಎಂದರೆ, ಆಗುತ್ತಿದೆ. ಅನೇಕ ಪ್ಲಗ್-ಇನ್‌ಗಳನ್ನು ಕಟ್ಟಲು ಬಳಸುವ ಜ್ಯೂಸ್ ಎಂಬ ಸಾಮಗ್ರಿಗೆ 2021ರಲ್ಲಿ ಸ್ಕ್ರೀನ್ ರೀಡರಿನ ಬೆಂಬಲ ಬಂತು. ಬರ್ಲಿನ್ನಿನ ಏಬಲ್ಟನ್ ಲೈವ್ 2001ರಲ್ಲಿ ಹುಟ್ಟಿದರೂ ಸ್ಕ್ರೀನ್ ರೀಡರಿಗೆ ಬಾಗಿಲು ತೆರೆದದ್ದು 2024ರ ಹನ್ನೆರಡನೆಯ ಆವೃತ್ತಿಯಲ್ಲಿ. ಅದರ ಮ್ಯಾನ್ಯುಯಲ್ಲಿನಲ್ಲಿ ನಮ್ಮಂಥವರಿಗಾಗಿ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಸಂತೋಷ. ಆದರೂ ವಿಮರ್ಶಕನ ಚಪಲ ಬಿಡದು: ಪ್ರತ್ಯೇಕ ಅಧ್ಯಾಯ ಎಂದರೆ ಮದುವೆಮನೆಯಲ್ಲಿ ಪ್ರತ್ಯೇಕ ಪಂಕ್ತಿ ಹಾಕಿದಂತೆ. ಊಟ ಸಿಗುತ್ತದೆ, ಸರಿ. ಉಳಿದ ಅಧ್ಯಾಯಗಳ ವಾಕ್ಯಗಳೂ ಬೆರಳು ಮಾಡುವುದನ್ನು ಬಿಟ್ಟು ಮಾತಾಡುವುದು ಯಾವಾಗ?

ಚಿತ್ರಗಳನ್ನು ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದವನಿಗೆ, ಅವಸರದಲ್ಲಿರುವವನಿಗೆ ಚಿತ್ರವೇ ಆಸರೆ. ಚಿತ್ರ ಇರಲಿ, ಚಿತ್ರ ತೆಗೆದರೂ ವಾಕ್ಯ ತನ್ನ ಕಾಲ ಮೇಲೆ ನಿಲ್ಲಲಿ.

ಇಷ್ಟು ಜಬರದಸ್ತಿನಿಂದ ಬರೆಯುವ ಅಧಿಕಾರ ನನಗಿದೆಯೆ? ಒಂದು ತಪ್ಪೊಪ್ಪಿಗೆ. ನನ್ನ ಕಣ್ಣು ಚೆನ್ನಾಗಿದ್ದ ದಿನಗಳಲ್ಲಿ, ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯೊಂದರಲ್ಲಿ, ಒಂದು ತಂತ್ರಾಂಶದ ಸಹಾಯ ಪುಟಗಳನ್ನು ಬರೆದವನು ನಾನೇ. ಒಂದು ಶುಕ್ರವಾರ ಸಂಜೆ, ಬೇಗ ಮುಗಿಸಿ ಮನೆಗೆ ಹೋಗುವ ಆತುರದಲ್ಲಿ. ಹತ್ತು ವರ್ಷದ ಮೇಲೆ ಬೇರೊಂದು ಕಡೆ ಅದೇ ತಂತ್ರಾಂಶ ಬಳಸಬೇಕಾಗಿ ಬಂದು, ಸಹಾಯ ಪುಟ ತೆರೆದೆ. ಎನ್‌ವಿಡಿಎ ತನ್ನ ಭಾವವಿಲ್ಲದ ದನಿಯಲ್ಲಿ ಓದಿತು: "ಕೆಳಗೆ ತೋರಿಸಿರುವ ಹಸಿರು ಗುಂಡಿಯನ್ನು ಒತ್ತಿ." ವಾಕ್ಯದ ಶೈಲಿ ಪರಿಚಿತವೆನ್ನಿಸಿತು. ಕೆಳಗೆ ಹೋದೆ. "ಗ್ರಾಫಿಕ್." ಆ ಗುಂಡಿ ಯಾವುದೆಂದು ಬರೆದವನಿಗೇ ನೆನಪಿಲ್ಲ. ಪಕ್ಕದ ಮೇಜಿನ ಹುಡುಗಿಯನ್ನು ಕರೆದು ಕೇಳಬೇಕಾಯಿತು. ಆಕೆ ತೋರಿಸಿಕೊಟ್ಟಳು. ಅದನ್ನು ಬರೆದವರು ಯಾರೆಂದು ನಾನು ಹೇಳಲಿಲ್ಲ.

ಅಂದಿನಿಂದ ನನ್ನ ಒಂದೊಂದು ವಾಕ್ಯವನ್ನೂ ಕಿವಿಯಿಂದ ತಿದ್ದುತ್ತೇನೆ. ಅಮ್ಮನ ಹಾಡಿನ ಕೆಲಸದಲ್ಲಿ ಕಲಿತದ್ದನ್ನು ಈಗ ಕನ್ನಡದಲ್ಲಿ ಬರೆದಿಡತೊಡಗಿದ್ದೇನೆ. ಎನ್‌ವಿಡಿಎ ಜೊತೆ ಬರುವ ಈಸ್ಪೀಕ್ ಕನ್ನಡವನ್ನೂ ಓದುತ್ತದೆ, ಸ್ವಲ್ಪ ರೋಬೋ ಉಚ್ಚಾರಣೆಯಲ್ಲಿ. ಈವರೆಗೆ ಹನ್ನೊಂದು ಪುಟ. ಟ್ರ್ಯಾಕ್, ಪ್ಲಗ್-ಇನ್ ಎಂಬುವನ್ನು ಹಾಗೆಯೇ ಬಿಟ್ಟಿದ್ದೇನೆ. ಊರಿನಲ್ಲಿ ಹಾರ್ಮೋನಿಯಂ ನುಡಿಸುವ ಕಣ್ಣಿಲ್ಲದ ಹುಡುಗನೊಬ್ಬನಿಗೆ ಮೊದಲ ಐದು ಪುಟ ಕಳಿಸಿದ್ದೆ. "ಸಾರ್, ಮೂರನೇ ಪುಟದಲ್ಲಿ 'ಮೇಲೆ ಹೇಳಿದ ಹಾಗೆ' ಅಂದಿದ್ದೀರಿ, ಎಷ್ಟು ಮೇಲೆ?" ಎಂದು ಫೋನು ಮಾಡಿದ. ತಿದ್ದಿದ್ದೇನೆ.

ಅಮ್ಮನಿಗೆ ಹದಿನಾಲ್ಕು ಹಾಡೂ ಕಳಿಸಿಯಾಯಿತು. ಎಲ್ಲ ಕೇಳಿ ಫೋನು ಮಾಡಿದರು. ಫ್ಯಾನು ಇಲ್ಲದ್ದು ಅವರ ಗಮನಕ್ಕೆ ಬರಲೇ ಇಲ್ಲ. "ಆರನೇ ಹಾಡಿನಲ್ಲಿ ಕೆಮ್ಮಿದ್ದನ್ನ ಹಾಗೇ ಬಿಟ್ಟಿದ್ದೀಯಲ್ಲೋ" ಅಂದರು.

ಕೂಟದ ಹಿರಿಯರಿಗೆ ನನ್ನ ಉತ್ತರ ಇದು. ಮುಂದಿನ ಸಭೆಗೆ ನೀವೆಲ್ಲ ಮನೆಯಲ್ಲಿರುವ ಯಾವುದಾದರೂ ಮ್ಯಾನ್ಯುಯಲ್ ತನ್ನಿ. ವಾಷಿಂಗ್ ಮೆಷಿನ್ನಿನದಾದರೂ ಸರಿ. ಚಿತ್ರಗಳನ್ನು ಮುಚ್ಚಿ ಒಂದು ಪುಟ ಗಟ್ಟಿಯಾಗಿ ಓದಿ, ಎಷ್ಟು ಉಳಿಯುತ್ತದೆ ನೋಡೋಣ. ಕಾಫಿ ನನ್ನ ಲೆಕ್ಕದಲ್ಲಿ.